ಒಂದು ಜೀಕಿಗೆ ಒಂದು ಸುದ್ದಿ

ನಾನು ಒಂದು ಜೋಕಾಲಿಯ ಹಗ್ಗ. ಇದನ್ನು ನಾನೇ ಹೇಳಿಕೊಳ್ಳಬೇಕು. ಗೂಟಕ್ಕೆ ನೇತುಬಿದ್ದ ನನ್ನನ್ನು ಈಗ ನೋಡಿದವರು ಎಮ್ಮೆ ಕಟ್ಟುವ ಹಗ್ಗವೆಂದೇ ತಿಳಿಯುತ್ತಾರೆ. ತಿಳಿದುಕೊಳ್ಳಲಿ. ಎಮ್ಮೆಯ ಹಗ್ಗಕ್ಕೆ ಎಮ್ಮೆಯ ಸುದ್ದಿಯಷ್ಟೇ ಗೊತ್ತಿರುತ್ತದೆ. ನನಗೆ ಒಬ್ಬ ಅಕ್ಕನ, ಒಬ್ಬ ತಮ್ಮನ ಎಷ್ಟೋ ವರ್ಷಗಳ ಸುದ್ದಿ ಗೊತ್ತು.

ನಾನು ಹುಟ್ಟಿದ್ದು ಬೆಣ್ಣಿಹಳ್ಳದ ದಂಡೆಯ ಎರೆಹೊಲದಲ್ಲಿ, ಜೋಳದ ಅಂಚಿಗೆ ಬಿತ್ತಿದ ಪುಂಡಿ ಗಿಡವಾಗಿ. ನನ್ನ ಎಲೆಗಳೆಲ್ಲ ಪಲ್ಯವಾಗಿ ಮನೆಯವರ ಹೊಟ್ಟೆ ಸೇರಿದವು. ಉಳಿದ ಕಾಂಡವನ್ನು ಫಕೀರಪ್ಪ ಎಂಬ ರೈತ ಕತ್ತರಿಸಿ, ಮೇಲೆ ಕಲ್ಲು ಹೇರಿ ಹಳ್ಳದ ನೀರಿನಲ್ಲಿ ಮುಳುಗಿಸಿಟ್ಟ. ಕೊಳೆತು ನಾರುತ್ತಿದ್ದಾಗ ನನ್ನ ಬದುಕು ಇಲ್ಲಿಗೇ ಮುಗಿಯಿತು ಎಂದುಕೊಂಡಿದ್ದೆ. ಆದರೆ ಸುಲಿದು, ತೊಳೆದು, ಬಿಸಿಲಿಗೆ ಹರವಿದ ಮೇಲೆ ನನ್ನ ಬಿಳುಪಿಗೆ ನಾನೇ ಬೆರಗಾದೆ. ಫಕೀರಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ನನ್ನನ್ನು ಹೊಸೆಯತೊಡಗಿದ. ಇನ್ನೂ ಮೀಸೆ ಚಿಗುರದ ಅವನ ಮಗ ದ್ಯಾಮಣ್ಣ ನನ್ನ ಒಂದು ತುದಿ ಹಿಡಿದು ನಿಂತಿದ್ದ.

"ಇಷ್ಟು ದಪ್ಪ ಹಗ್ಗ ಯಾವ ಎತ್ತಿಗಪ್ಪಾ?" ಎಂದು ಅವನು ಕೇಳಿದ.

"ಎತ್ತಿಗಲ್ಲಲೇ, ನಿಮ್ಮ ಅಕ್ಕಗ. ಲಗ್ನ ಆದ ಮ್ಯಾಲ ಮೊದಲನೇ ಪಂಚಮಿಗೆ ಬರತಾಳ. ಜೋಕಾಲಿ ಹರೀಬಾರದು ನೋಡು."

ನಮ್ಮ ಸೀಮೆಯಲ್ಲಿ ನಾಗರ ಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ. ಕೊಟ್ಟ ಮನೆಯಿಂದ ಅವರು ತವರಿಗೆ ಬರುತ್ತಾರೆ, ಉಂಡಿ ತಿನ್ನುತ್ತಾರೆ, ಜೋಕಾಲಿ ಜೀಕುತ್ತಾರೆ. ಆದರೆ ಸುಮ್ಮನೆ ಬರುವುದಿಲ್ಲ. ಅಣ್ಣನೋ ತಮ್ಮನೋ ಬುತ್ತಿ ಕಟ್ಟಿಕೊಂಡು ಹೋಗಿ, ಅತ್ತೆ ಮಾವನ ಮುಂದೆ ಕುಳಿತು, "ಅಕ್ಕನ್ನ ಕರಿಯಾಕ ಬಂದೀನಿ" ಎನ್ನಬೇಕು. ಆ ಮಾತು ಕೇಳಿದ ಮೇಲೆಯೇ ಅವಳು ಹೊಸಿಲು ದಾಟುವುದು.

ಹೀಗೆ ದ್ಯಾಮಣ್ಣ ಎರಡು ಬಸ್ಸು ಬದಲಿಸಿ ಹೋಗಿ ಅಕ್ಕ ನೀಲವ್ವನನ್ನು ಕರೆತಂದ. ನನ್ನನ್ನು ಮನೆಯ ಮುಂದಿನ ಬೇವಿನ ಮರಕ್ಕೆ ಕಟ್ಟಿದರು. ಹೊಸ ಹಗ್ಗ, ಹೊಸ ಮದುಮಗಳು. ನನ್ನ ಜಂಬಕ್ಕೆ ಪಾರವಿರಲಿಲ್ಲ. ಆದರೆ ನೀಲವ್ವ ನನ್ನನ್ನು ಹಿಡಿದು ನಿಂತವಳೇ ಅಳಲು ಶುರುಮಾಡಿದಳು. ಅತ್ತೆಯ ಮನೆಯಲ್ಲಿ ಯಾರೂ ಬೈದಿರಲಿಲ್ಲ, ಹೊಡೆದಿರಲಿಲ್ಲ. ಸುಮ್ಮನೆ ಅಳು ಬಂದಿತ್ತು, ಅಷ್ಟೆ.

ಜೋಕಾಲಿ ನೂಕಲು ನಿಂತಿದ್ದ ದ್ಯಾಮಣ್ಣನಿಗೆ ಏನು ಮಾಡಬೇಕೋ ತೋಚಲಿಲ್ಲ. ಕೊನೆಗೆ ಅವನೇ ಒಂದು ಕಾಯಿದೆ ಮಾಡಿದ.

"ಅಕ್ಕಾ, ಒಂದು ಜೀಕಿಗೆ ಒಂದು ಚಲೋ ಸುದ್ದಿ ಹೇಳಬೇಕು. ಅಳೂ ಸುದ್ದಿ ಹೇಳಿದ್ರ ನಾ ನೂಕಂಗಿಲ್ಲ."

ನೀಲವ್ವ ಮೂಗು ಒರೆಸಿಕೊಂಡು ಬಹಳ ಹೊತ್ತು ಯೋಚಿಸಿದಳು. "ನಮ್ಮ ಆಕಳು ಕರ ಹಾಕೇತಿ. ಹಣಿ ಮ್ಯಾಲ ಬಿಳೀ ಚುಕ್ಕಿ ಐತಿ," ಎಂದಳು. ದ್ಯಾಮಣ್ಣ ಒಮ್ಮೆ ನೂಕಿದ. "ನಮ್ಮತ್ತಿ ನನ್ನ ರೊಟ್ಟಿ ನೋಡಿ ತೆಳ್ಳಗ ಆಗ್ಯಾವ ಅಂದ್ರು." ಇನ್ನೊಮ್ಮೆ ನೂಕಿದ. "ಗದಗಿಗೆ ಹೋಗಿದ್ವಿ, ರೈಲು ನೋಡಿದೆ." ಮೂರನೆಯ ಜೀಕಿಗೆ ಅವಳು ನಗುತ್ತಿದ್ದಳು. ಹತ್ತಾರು ಜೀಕಾದ ಮೇಲೆ ಅವಳ ಕಾಲು ಮೇಲಿನ ಟೊಂಗೆಯ ಎಲೆಗೆ ತಾಗಿತು.

ಅಂದಿನಿಂದ ಅದೇ ಅವರಿಬ್ಬರ ಪದ್ಧತಿಯಾಯಿತು. ವರ್ಷದಲ್ಲಿ ಏನೇನು ಒಳ್ಳೆಯದಾಗಿದೆಯೋ ಅದನ್ನೆಲ್ಲ ನೀಲವ್ವ ಪಂಚಮಿಗೆಂದು ಕೂಡಿಟ್ಟುಕೊಂಡು ಬರುತ್ತಿದ್ದಳು. ಮಲ್ಲಿಗೆ ಬಳ್ಳಿ ಮಾಳಿಗೆ ಏರಿದ್ದು, ಮಗಳು ಮೊದಲ ಹೆಜ್ಜೆ ಇಟ್ಟದ್ದು, ಗಂಡನ ಸೈಕಲ್ಲನ್ನು ಕಣದಲ್ಲಿ ಕದ್ದುಮುಚ್ಚಿ ಕಲಿತದ್ದು, ಹಾಲಿನ ಸಂಘದ ಸಭೆಯಲ್ಲಿ ಎದ್ದು ನಿಂತು ಮಾತಾಡಿದ್ದು. ಅವಳದು ಮುಗಿದರೆ ದ್ಯಾಮಣ್ಣನ ಸರದಿ. ಮೂರನೆಯ ಸಲಕ್ಕೆ ಎಸ್ಸೆಸ್ಸೆಲ್ಸಿ ಪಾಸಾದದ್ದನ್ನು ಅವನು ನಾಲ್ಕು ವರ್ಷ ಹೇಳಿದ. ಅಕ್ಕ ಪ್ರತಿ ವರ್ಷವೂ ಹೊಸ ಸುದ್ದಿಯೆಂಬಂತೆ ಕೇಳಿದಳು.

ಅವರು ಹೇಳದೇ ಬಿಟ್ಟದ್ದೂ ನನಗೆ ಗೊತ್ತಾಗುತ್ತಿತ್ತು. ಹಗ್ಗಕ್ಕೆ ಕಿವಿಗಿಂತ ಭಾರ ಚೆನ್ನಾಗಿ ತಿಳಿಯುತ್ತದೆ. ಒಂದು ವರ್ಷ ನೀಲವ್ವ ಬಸುರಿ ಎಂದು ಅವಳ ತಾಯಿಗಿಂತ ಮೊದಲು ತಿಳಿದದ್ದು ನನಗೆ. ಮತ್ತೊಂದು ವರ್ಷ ತೀರಾ ಹಗುರಾಗಿ ಬಂದಳು. ಗಂಡನಿಗೆ ಕಾಯಿಲೆಯಾಗಿ ತಿಂಗಳುಗಟ್ಟಲೆ ದವಾಖಾನೆಗೆ ಅಲೆದಿದ್ದಳಂತೆ. ಆದರೂ ಅಂದು ಬಾಯಲ್ಲಿ ಬಂದದ್ದು ದವಾಖಾನೆಯ ಮುಂದಿನ ಗುಲ್‌ಮೊಹರ್ ಮರದ ಸುದ್ದಿಯೇ. ದ್ಯಾಮಣ್ಣ ಏನೂ ಕೇಳಲಿಲ್ಲ. ಅಂದು ಅವನು ಬಹಳ ಮೆಲ್ಲಗೆ ನೂಕಿದ. ನನಗೆ ಅವನ ಮೇಲೆ ಪ್ರೀತಿ ಹುಟ್ಟಿದ್ದು ಆ ದಿನ.

ಉಳಿದ ದಿನಗಳಲ್ಲಿ ನನಗೆ ಕೆಲಸವಿರಲಿಲ್ಲ. ಹುಳ ಹಿಡಿಯಬಾರದೆಂದು ಒಲೆಯ ಮೇಲಿನ ತೊಲೆಗೆ ನನ್ನನ್ನು ಸುತ್ತಿಡುತ್ತಿದ್ದರು. ಹೊಗೆ ಕುಡಿದು ನನ್ನ ಬಿಳುಪೆಲ್ಲ ಹೋಯಿತು. ಫಕೀರಪ್ಪ ತೀರಿಕೊಂಡ, ಅವನ ಹಿಂದೆಯೇ ಅವನ ಹೆಂಡತಿಯೂ ಹೋದಳು. ದ್ಯಾಮಣ್ಣನಿಗೆ ಲಗ್ನವಾಗಿ ಈರವ್ವ ಮನೆಗೆ ಬಂದಳು. ತಂದೆ ತಾಯಿ ಇಲ್ಲದ ಮನೆಯಾದರೂ ಪಂಚಮಿ ನಿಲ್ಲಲಿಲ್ಲ, ತಮ್ಮ ಕರೆಯಲು ಹೋಗುತ್ತಲೇ ಇದ್ದ.

ಆಮೇಲೆ ಮನೆಗೆ ಮೊಬೈಲು ಬಂತು. ನಾನು ಯಾರನ್ನೂ ಸುಲಭಕ್ಕೆ ದ್ವೇಷಿಸುವವನಲ್ಲ, ಆದರೆ ಅದನ್ನು ಕಂಡರೆ ನನಗಾಗುವುದಿಲ್ಲ. ಆ ವರ್ಷ ಊರಿನವರು ಹಬ್ಬದ ನಿಂಬೆಹಣ್ಣು ಎಸೆಯುವ ಪಂದ್ಯದ ಉಸ್ತುವಾರಿಯನ್ನು ದ್ಯಾಮಣ್ಣನಿಗೆ ವಹಿಸಿದ್ದರು. ಅವನ ತಲೆಯಲ್ಲಿ ನಿಂಬೆಹಣ್ಣು ಬಿಟ್ಟರೆ ಬೇರೇನೂ ಇರಲಿಲ್ಲ. ಕಟ್ಟೆಯ ಮೇಲೆ ನಿಂತೇ ಫೋನು ಹಚ್ಚಿದ: "ಅಕ್ಕಾ, ಈ ಸಲ ನನಗ ಪುರಸೊತ್ತಿಲ್ಲ. ನೀನ ಬಸ್ ಹಿಡದು ಬಂದುಬಿಡು."

ಆ ಕಡೆಯಿಂದ "ಆತು ತಮ್ಮಾ" ಎಂದಷ್ಟೇ ಕೇಳಿಸಿತು.

ನನ್ನನ್ನು ಬೇವಿನ ಮರಕ್ಕೆ ಕಟ್ಟಿದರು. ಮಧ್ಯಾಹ್ನವಾಯಿತು, ಸಂಜೆಯ ಬಸ್ಸೂ ಬಂದು ಹೋಯಿತು. ಓಣಿಯ ಹುಡುಗಿಯರು ಬಂದು ಕೇಳಿದರೆ, "ಅಕ್ಕ ಬರತಾಳ, ಆಮ್ಯಾಲ ಜೀಕ್ರಿ," ಎಂದು ದ್ಯಾಮಣ್ಣ ಅವರನ್ನು ಕಳಿಸುತ್ತಿದ್ದ. ನೀಲವ್ವ ಬರಲಿಲ್ಲ. ಈರವ್ವ ತನ್ನ ತವರಿಗೆ ಹೊರಟು ನಿಂತಿದ್ದಳು.

"ನನ್ನ ಕರಿಯಾಕ ನಮ್ಮಣ್ಣ ಬಂದು ಪಡಸಾಲ್ಯಾಗ ಕುಂತಾನ. ನಿಮ್ಮಕ್ಕನ್ನ ಕರಿಯಾಕ ಯಾರು ಹೋಗ್ಯಾರ?" ಎಂದು ಗಂಡನನ್ನು ಕೇಳಿದಳು.

"ಫೋನ್ ಮಾಡೀನಲ್ಲ!"

"ಫೋನು ತವರಿನ ಬುತ್ತಿ ಹೊತ್ಕೊಂಡು ಹೋಗತೈತೇನು?"

ಅವಳು ಹೋದ ಮೇಲೆ ದ್ಯಾಮಣ್ಣ ಒಬ್ಬನೇ ಬಂದು ನನ್ನ ಮೇಲೆ ಕುಳಿತ. ಜೀಕಲಿಲ್ಲ. ಬರಿದಾದ ಜೋಕಾಲಿಗಿಂತ ಅಲುಗಾಡದ ಭಾರವೇ ಹೆಚ್ಚು ನೋಯುತ್ತದೆಂದು ನನಗೆ ಅಂದು ತಿಳಿಯಿತು.

ತಪ್ಪು ತನ್ನದೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಸಿಟ್ಟು ಬಂತು. "ನನ್ನ ಮಾತಿಗೆ ಬಾರದಷ್ಟು ಸೊಕ್ಕು ಬಂತೇನು ಆಕಿಗೆ?" ಎಂದು ಮುಖ ಊದಿಸಿಕೊಂಡ. ಮರುವರ್ಷ ಅವನು ಹೋಗಲಿಲ್ಲ, ಅವಳು ಬರಲಿಲ್ಲ. ಮತ್ತೊಂದು ವರ್ಷವೂ ಹಾಗೆಯೇ ಆಯಿತು. ಮದುವೆ ಮುಂಜಿಯಲ್ಲಿ ಎದುರಾದರೆ ಊಟ ಆಯಿತೇ ಎಂದು ಕೇಳುತ್ತಿದ್ದರಂತೆ. ಅಕ್ಕ ತಮ್ಮ ಊಟದ ವಿಷಯ ಬಿಟ್ಟು ಬೇರೆ ಮಾತಾಡದ ಸ್ಥಿತಿಗೆ ಬಂದರೆ ಅದಕ್ಕಿಂತ ದುಃಖ ಇನ್ನೇನಿದೆ?

ನನ್ನ ಗತಿಯೂ ಕೆಟ್ಟಿತು. ತೊಲೆಯಿಂದ ಇಳಿಸಿ ಮೇವಿನ ಹೊರೆ ಕಟ್ಟಿದರು. ಒಮ್ಮೆ ತುದಿಯನ್ನು ಕೊಯ್ದು ಹೋರಿಗೆ ಹಾಕಿದರು. ನಾನು ಗಿಡ್ಡನಾದೆ. ಇನ್ನು ಬೇವಿನ ಟೊಂಗೆಗೆ ಹಾಕಿದರೂ ನಾನು ನೆಲದ ಹತ್ತಿರಕ್ಕೆ ಬರುವುದಿಲ್ಲವೆಂಬ ಯೋಚನೆಯೇ ನನ್ನನ್ನು ಕೊರೆಯುತ್ತಿತ್ತು.

ಅದರ ಮುಂದಿನ ವರ್ಷ ಆಷಾಢದಲ್ಲಿ ಮಳೆ ಬರುವ ಮೊದಲು ಬಣವೆಗೆ ತಾಡಪಾಲು ಹೊದಿಸಲು ಹೋಗಿ ದ್ಯಾಮಣ್ಣ ಮೇಲಿಂದ ಬಿದ್ದ. ಬಲಗಾಲು ಮುರಿಯಿತು. ಪಡಸಾಲೆಯ ಹೊರಸಿನ ಮೇಲೆ ಪ್ಲಾಸ್ಟರು ಹಾಕಿದ ಕಾಲು ಚಾಚಿ ಮಲಗಿದ. ಪಂಚಮಿ ಬಂತು. ಈರವ್ವನ ಅಣ್ಣ ಕರೆಯಲು ಬಂದಿದ್ದ. ಗಂಡನನ್ನು ಈ ಸ್ಥಿತಿಯಲ್ಲಿ ಬಿಟ್ಟು ಹೇಗೆ ಬರಲಿ ಎಂದು ಅವಳು ಒಲ್ಲೆನೆನ್ನುತ್ತಿದ್ದಳು. ಅಷ್ಟರಲ್ಲಿ ಬಾಗಿಲಿಗೆ ಒಂದು ಟಂಟಂ ಆಟೋ ಬಂದು ನಿಂತಿತು.

ಇಳಿದವಳು ನೀಲವ್ವ. ತಲೆಯ ಮೇಲೆ ಬುತ್ತಿ. ತಮ್ಮನ ಮುಖವನ್ನೂ ನೋಡದೆ ಹೊರಸಿನ ಮುಂದೆ ಚಾಪೆ ಹಾಸಿಕೊಂಡು ಕುಳಿತು, ಈರವ್ವನಿಗೆ ಬುತ್ತಿ ಕೊಟ್ಟಳು. ಶೇಂಗಾ ಉಂಡಿ, ಎಳ್ಳುಂಡಿ, ಸಜ್ಜೆ ರೊಟ್ಟಿ. ಆಮೇಲೆ ಗಂಟಲು ಸರಿಮಾಡಿಕೊಂಡು ಹೇಳಿದಳು:

"ನಮ್ಮ ತಮ್ಮನ್ನ ಪಂಚಮಿಗೆ ಕರಿಯಾಕ ಬಂದೀನಿ."

ಈರವ್ವನ ಅಣ್ಣ ನಕ್ಕುಬಿಟ್ಟ. "ಗಂಡಸನ್ನ ಯಾರರೆ ಪಂಚಮಿಗೆ ಕರೀತಾರೇನವ್ವಾ?"

"ಕರಿಯದ ಹೋಗಬಾರದು ಅಂತ ಹೇಳ್ಯಾರ. ಅಕ್ಕ ಕರಿಯಾಕ ಹೋಗಬಾರದು ಅಂತ ಎಲ್ಲಿ ಹೇಳ್ಯಾರ?"

ದ್ಯಾಮಣ್ಣ ಗೋಡೆಯ ಕಡೆ ಮುಖ ತಿರುಗಿಸಿದ. ಈರವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಗಂಡನ ಬಟ್ಟೆ ಗಂಟು ಕಟ್ಟಿದಳು. ಹೊರಡುವಾಗ ನೀಲವ್ವ ಪಡಸಾಲೆಗೆ ಹೊಂದಿದ ಕೊಟ್ಟಿಗೆಗೆ ಬಂದು, ಮೇವಿನ ಹೊರೆಯಿಂದ ನನ್ನನ್ನು ಬಿಚ್ಚಿ, ಧೂಳು ಕೊಡವಿ ಹೆಗಲಿಗೆ ಹಾಕಿಕೊಂಡಳು. ಅಷ್ಟು ವರ್ಷಗಳ ಮೇಲೆ ಅವಳ ಕೈ ನನ್ನನ್ನು ಗುರುತು ಹಿಡಿದಿತ್ತು.

ಅವಳ ಮನೆಯ ಪಡಸಾಲೆಯ ತೊಲೆಗೆ ನನ್ನನ್ನು ಕಟ್ಟಿದರು. ತೊಲೆ ತಗ್ಗಿನಲ್ಲಿತ್ತು, ನನ್ನ ಉದ್ದ ಸಾಕಾಯಿತು. ಮಣೆಯ ಮೇಲೆ ದಿಂಬು ಹಾಕಿ, ನೀಲವ್ವನ ಗಂಡ, ಮಗಳು ಸೇರಿ ದ್ಯಾಮಣ್ಣನನ್ನು ಕೂರಿಸಿದರು. ಪ್ಲಾಸ್ಟರಿನ ಕಾಲು ನೆಟ್ಟಗೆ ಮುಂದೆ ಚಾಚಿಕೊಂಡಿತ್ತು. ನೀಲವ್ವ ಹಿಂದೆ ನಿಂತಳು.

"ಹೇಳು. ಒಂದು ಜೀಕಿಗೆ ಒಂದು ಸುದ್ದಿ."

ದ್ಯಾಮಣ್ಣ ಎರಡೂ ಕೈಗಳಿಂದ ನನ್ನನ್ನು ಹಿಡಿದುಕೊಂಡ.

"ಈ ವರ್ಷ ಕಾಲು ಮುರೀತು," ಎಂದ.

"ಅಳೂ ಸುದ್ದಿ ಹೇಳಿದ್ರ ನೂಕಂಗಿಲ್ಲ ನಾ."

"ಚಲೋ ಸುದ್ದಿನ ಅಕ್ಕಾ ಅದು. ಕಾಲು ಮುರೀದಿದ್ರ ನೀ ಬರತಿದ್ದಿಲ್ಲ."

ನೀಲವ್ವ ನೂಕಲಿಲ್ಲ. ಅವನ ತಲೆಯ ಮೇಲೆ ಕೈಯಿಟ್ಟು ನಿಂತುಬಿಟ್ಟಳು. "ಆ ವರ್ಷ ಸಂಜೀಮಟಾ ಚೀಲ ಹಿಡಕೊಂಡು ಕಟ್ಟಿ ಮ್ಯಾಲ ಕುಂತಿದ್ನೋ ತಮ್ಮಾ. ಓಣ್ಯಾಗ ಎಲ್ಲಾರ ಅಣ್ಣತಮ್ಮರು ಬಂದ್ರು. ಫೋನ್ ಮಾಡಿದ್ರೂ ನೀ ಬರತಿ ಅಂತ ಅಂದ್ಕೊಂಡಿದ್ದೆ," ಎಂದಳು. ಇಬ್ಬರೂ ಅತ್ತರು. ಹಗ್ಗಕ್ಕೆ ಕಣ್ಣೀರಿಲ್ಲ, ಇದ್ದಿದ್ದರೆ ನಾನೂ ಅಳುತ್ತಿದ್ದೆ. ಆಮೇಲೆ ಮೂಗು ಒರೆಸಿಕೊಂಡು ಅವಳೇ ಶುರುಮಾಡಿದಳು. ಅಷ್ಟೂ ವರ್ಷಗಳ ಸುದ್ದಿ ಬಾಕಿ ಉಳಿದಿತ್ತು. ಒಂದನ್ನೂ ಅವಳು ಮರೆತಿರಲಿಲ್ಲ. ಮಲ್ಲಿಗೆ ಬಳ್ಳಿ ಒಣಗಿ ಮತ್ತೆ ಚಿಗುರಿದ್ದರಿಂದ ಹಿಡಿದು ಮಗಳು ಪೇಟೆಯ ಕಾಲೇಜಿಗೆ ಸೇರಿದ್ದರವರೆಗೆ ಹೇಳಿದಳು. ದೀಪ ಹಚ್ಚುವ ಹೊತ್ತಾದರೂ ಮುಗಿಯಲಿಲ್ಲ.

ನಾನು ಆ ಮನೆಯಲ್ಲೇ ಉಳಿದೆ. ಎಳೆಗಳು ಬಿಚ್ಚುತ್ತಿವೆ, ಹಳೆಯ ಗಂಟು ಜಾರುತ್ತದೆ. ಹೋದ ಪಂಚಮಿಗೆ ಬಾಗಿಲಲ್ಲಿ ಕೋಲಿನ ಸಪ್ಪಳ ಕೇಳಿತು. ದ್ಯಾಮಣ್ಣ ಕುಂಟುತ್ತ ಬಂದಿದ್ದ. ಕಂಕುಳಲ್ಲಿ ಬುತ್ತಿ, ಕೈಯಲ್ಲಿ ಪೇಟೆಯಿಂದ ತಂದ ನೀಲಿ ಬಣ್ಣದ ನೈಲಾನ್ ಹಗ್ಗದ ಸುರುಳಿ.

"ಕುಂಟಿಕೋತ ಯಾಕ ಬಂದ್ಯೋ? ಒಂದು ಫೋನ್ ಮಾಡಿದ್ರ ಆಗತಿತ್ತು," ಎಂದು ನೀಲವ್ವ ಕೆಣಕಿದಳು.

"ಸುಮ್ಮನ ಚೀಲ ತಗೋ ಅಕ್ಕಾ. ಕರಿಯಾಕ ಬಂದೀನಿ."

ಆ ನೀಲಿ ಹಗ್ಗದ ಮಿಂಚು ನೋಡಿ ಒಂದು ಕ್ಷಣ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಇಬ್ಬರೂ ಹೊರಟರು. ಓಣಿಯ ತಿರುವಿನವರೆಗೂ ಅವಳ ನಗು ಕೇಳಿಸುತ್ತಿತ್ತು. ಪಂಚಮಿಯ ದಿನ ನನಗೆ ಕೆಲಸವಿಲ್ಲದೆ ಹೋದ ವರ್ಷಗಳು ಹಿಂದೆಯೂ ಇದ್ದವು. ಆಗೆಲ್ಲ ನಾನು ಒಳಗೊಳಗೇ ಸತ್ತಿದ್ದೆ. ಈ ಸಲವೂ ಇಡೀ ಹಬ್ಬ ಗೂಟಕ್ಕೆ ಸುಮ್ಮನೆ ನೇತುಬಿದ್ದಿದ್ದೆ, ಆದರೆ ಸಂಕಟವಾಗಲಿಲ್ಲ. ಅಲ್ಲಿ ಬೇವಿನ ಮರದ ಕೆಳಗೆ ಎಷ್ಟನೆಯ ಜೀಕು, ಯಾವ ಸುದ್ದಿ ನಡೆದಿದೆಯೋ ಎಂದು ಊಹಿಸುತ್ತ ದಿನ ಕಳೆದೆ. ನನ್ನ ವರ್ಷದ ಚಲೋ ಸುದ್ದಿ ಏನೆಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.