ನಲವತ್ತು ನಿಮಿಷ ಬಾಕಿಯಿತ್ತು

ನಾನು ಒಂದು ಚೆಸ್ ಗಡಿಯಾರ. ಹುಟ್ಟಿದ್ದು ತುಮಕೂರಿನ ರಶೀದ್ ಸಾಬರ ರಿಪೇರಿ ಅಂಗಡಿಯಲ್ಲಿ. ಎರಡು ಹಳೇ ಟೈಂಪೀಸುಗಳ ಹೊಟ್ಟೆ ಬಗೆದು, ಒಂದೇ ಮರದ ಪೆಟ್ಟಿಗೆಯಲ್ಲಿ ಕೂರಿಸಿ, ನೆತ್ತಿಯ ಮೇಲೆ ಎರಡು ಗುಂಡಿ ಇಟ್ಟರು. ನಡೆ ಮುಗಿಸಿದವರು ತಮ್ಮ ಗುಂಡಿ ಒತ್ತಿದರೆ ಅವರ ಮುಳ್ಳು ನಿಲ್ಲುತ್ತದೆ, ಎದುರಾಳಿಯ ಮುಳ್ಳು ಓಡುತ್ತದೆ. ಇಷ್ಟೇ ನನ್ನ ಕಸುಬು. ಇಷ್ಟರಲ್ಲೇ ಒಬ್ಬ ಹುಡುಗಿಯ ಬಾಳಿಗೆ ಕಲ್ಲು ಹಾಕಿದೆ.

ನನ್ನನ್ನು ಮಾಡಿಸಿದವರು ಕೆಂಪಯ್ಯ ಮೇಷ್ಟ್ರು. ನಿವೃತ್ತರಾದ ಮೇಲೆ ವಾಚನಾಲಯದ ಹಿಂದಿನ ಕೋಣೆಯಲ್ಲಿ ಚೆಸ್ ಕ್ಲಬ್ಬು ನಡೆಸುತ್ತಿದ್ದರು. ಅವರ ಶಿಷ್ಯೆ ಮಂದಾಕಿನಿ, ಡಿಗ್ರಿ ಓದುವ ಹುಡುಗಿ. ಯೋಚನೆಗೆ ಕೂತಳೆಂದರೆ ಮುಂದಿಟ್ಟ ಕಾಫಿ ಕೆನೆ ಕಟ್ಟಬೇಕು. ಗೆಲ್ಲುವ ಆಟವನ್ನೂ ಸಮಯ ಮುಗಿದು ಸೋಲುತ್ತಿದ್ದಳು.

“ದಿನಾ ಐದೈದು ನಿಮಿಷದ ಆಟ ಆಡಮ್ಮ. ಕೈ ಚುರುಕಾಗುತ್ತೆ” ಅಂದರು ಮೇಷ್ಟ್ರು.

ಮೊದಲು ಒಳ್ಳೆಯದೇ ಆಯಿತು, ಸುಳ್ಳೇಕೆ ಹೇಳಲಿ? ಅವಳ ಅಂಜಿಕೆ ಬಿಟ್ಟಿತು. ಆ ವರ್ಷದ ಜಿಲ್ಲಾ ಟೂರ್ನಮೆಂಟಿನಲ್ಲಿ ಒಂದೇ ಒಂದು ಆಟವನ್ನೂ ಸಮಯ ಸಾಲದೆ ಸೋಲಲಿಲ್ಲ. ನಾನು ಬೀಗಿದ್ದೇ ಬೀಗಿದ್ದು.

ಆದರೆ ನಮ್ಮ ಕ್ಲಬ್ಬಿನಲ್ಲೊಂದು ಪದ್ಧತಿ: ಐದು ನಿಮಿಷದಾಟದಲ್ಲಿ ಸೋತವರು ಏಳಬೇಕು, ಗೆದ್ದವರು ಕೂತೇ ಇರಬೇಕು. ಎಲ್ಲಿ ಎಡವಿದೆವೆಂದು ನೋಡಲು ಪುರುಸೊತ್ತಿಲ್ಲ, ಮುಂದಿನವರು ಆಗಲೇ ಕಾಯಿ ಜೋಡಿಸುತ್ತಿರುತ್ತಾರೆ. ಮಂದಾಕಿನಿಗೆ ಆ ಕುರ್ಚಿಯ ರುಚಿ ಹತ್ತಿತು. ಏಳಬಾರದೆಂದು ಅಗ್ಗದ ಬಲೆಗಳನ್ನು ಒಡ್ಡತೊಡಗಿದಳು. ಕೆಟ್ಟ ನಡೆಯನ್ನೂ ಠಪ್ಪನೆ ಆಡಿ ನನ್ನ ನೆತ್ತಿಗೆ ಬಡಿದರೆ ಎದುರಿನವರು ಗಾಬರಿಬೀಳುತ್ತಿದ್ದರು. ನಡೆ ಬರೆದುಕೊಳ್ಳುವ ನೋಟುಬುಕ್ಕು ಮೂಲೆ ಸೇರಿತು. ಅವಳು ಬಡಿದಷ್ಟೂ ನನಗೆ ಹುಮ್ಮಸ್ಸು. ಥೂ, ನನ್ನ ಜನ್ಮಕ್ಕಿಷ್ಟು!

“ಅತಿಯಾಯ್ತು ಕಣಮ್ಮ. ಆತುರಗಾರನಿಗೆ ಬುದ್ಧಿ ಮಟ್ಟ” ಎಂದು ಮೇಷ್ಟ್ರು ಒಮ್ಮೆ ಗದರಿದರು.

“ಗೆಲ್ತಾನೇ ಇದೀನಲ್ಲ ಸಾರ್!” ಅಂದಳು. ಹೌದಲ್ಲ ಅಂತ ನಾನೂ ಅಂದುಕೊಂಡೆ.

ರಾಜ್ಯ ತಂಡದ ಆಯ್ಕೆ ಬಂತು. “ಈ ಸಲ ಆಗ್ಲಿಲ್ಲಾಂದ್ರೆ ಚೆಸ್ಸು ಸಾಕು, ಬಿ.ಎಡ್. ಸೇರ್ಕೋ” ಎಂದು ಅವಳಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಆಯ್ಕೆ ಪಂದ್ಯ ಮೈಸೂರಿನಲ್ಲಿ. ಗಡಿಯಾರ ಆಟಗಾರರೇ ತರಬೇಕಿತ್ತು, ಹಾಗಾಗಿ ನಾನೂ ಹೋದೆ. ಕೊನೆಯ ಸುತ್ತಿನಲ್ಲಿ ಡ್ರಾ ಆದರೂ ಅವಳಿಗೆ ತಂಡದಲ್ಲಿ ಜಾಗ.

ಅದು ಐದು ನಿಮಿಷದ ಆಟವಲ್ಲ, ಗಂಟೆಗಟ್ಟಲೆಯದು. ಅವಳ ಪಾಲಿಗೆ ಇನ್ನೂ ನಲವತ್ತು ನಿಮಿಷ ನನ್ನಲ್ಲಿ ಬಾಕಿಯಿತ್ತು. ಎದುರಾಳಿ ಒಂದು ಆನೆಯನ್ನು ಕಾವಲಿಲ್ಲದೆ ಬಿಟ್ಟಳು. ಕ್ಲಬ್ಬಿನಲ್ಲಾದರೆ ಗಬಕ್ಕನೆ ಹೊಡೆದು ನನ್ನನ್ನು ಕುಟ್ಟುವುದೇ. ಮಂದಾಕಿನಿಯ ಬೆರಳು ರಾಣಿಯ ಮೇಲೆ ಬಿತ್ತು. ಬಿದ್ದ ಮೇಲೆ ಅವಳಿಗೆ ಕಂಡಿತು: ರಾಣಿ ಅಲ್ಲಿಂದ ಕದಲಿದರೆ ಅವಳ ರಾಜ ಸತ್ತ. ಮುಟ್ಟಿದ ಕಾಯಿಯನ್ನು ನಡೆಸಲೇಬೇಕು, ಅದು ಆಟದ ನಿಯಮ. ರಾಣಿಯನ್ನು ನಡೆಸಿ, ನನ್ನನ್ನು ಮೆತ್ತಗೆ ಒತ್ತಿದಳು. ಅಷ್ಟು ಮೆತ್ತಗೆ ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು.

ಹೊರಗೆ ಮೇಷ್ಟ್ರು, “ತಪ್ಪು ನಂದು ಕಣಮ್ಮ, ಈ ಗಡಿಯಾರ ಮಾಡಿಸಿದೋನು ನಾನು” ಅಂದರು.

“ಗಡಿಯಾರ ಏನ್ ಮಾಡ್ತು ಸಾರ್? ಕೈ ನಂದು” ಅಂದಳು.

ಬೈದಿದ್ದರೆ ಹಗುರಾಗುತ್ತಿದ್ದೆ.

ಅವಳು ಬಿ.ಎಡ್. ಮುಗಿಸಿ ಗುಬ್ಬಿಯ ಶಾಲೆಯೊಂದರಲ್ಲಿ ಗಣಿತದ ಟೀಚರಾದಳು. ಮೇಷ್ಟ್ರು ತೀರಿಕೊಂಡ ಮೇಲೆ ನಾನು ಅವಳ ಕೈ ಸೇರಿದೆ. ಈಗ ಅವಳ ತರಗತಿಯ ಬೀರುವಿನಲ್ಲಿದ್ದೇನೆ. ಶನಿವಾರ ಚೆಸ್ ಕಲಿಯುವ ಮಕ್ಕಳಿಗೆ ನನ್ನನ್ನು ಹೊರಗೆ ತೆಗೆಯುತ್ತಾಳೆ. ಐದು ನಿಮಿಷದಾಟ ಬೇಡ ಅನ್ನುವುದಿಲ್ಲ. ಆದರೆ ಆಟ ಮುಗಿದ ಮೇಲೆ ಇಬ್ಬರೂ ಅರ್ಧ ಗಂಟೆ ಕೂತು ತಪ್ಪು ಹುಡುಕಲೇಬೇಕು. ಆ ಪದ್ಧತಿ ನಮ್ಮ ಕ್ಲಬ್ಬಿನಲ್ಲಿ ಇರಲಿಲ್ಲವಲ್ಲ ಎಂದು ನನ್ನ ಹೊಟ್ಟೆ ಉರಿಯುತ್ತದೆ.

ಮೊನ್ನೆ ಒಬ್ಬ ಹುಡುಗಿ ಎದುರಿನ ಕುದುರೆ ಕಂಡದ್ದೇ ತಡ, ಕೈ ಚಾಚಿದಳು. ಮಂದಾಕಿನಿ ಆ ಪುಟ್ಟ ಮಣಿಕಟ್ಟನ್ನು ಗಪ್ಪನೆ ಹಿಡಿದಳು.

“ಮೊದ್ಲು ನೋಡು ಪುಟ್ಟಿ, ಆಮೇಲೆ ಮುಟ್ಟು.”

ಮೈಸೂರಿನಲ್ಲಿ ಅವಳ ಕೈಯನ್ನು ಹಾಗೆ ಹಿಡಿಯುವವರು ಯಾರೂ ಇರಲಿಲ್ಲ. ಆ ಕೈಗೆ ತೀರ ಹತ್ತಿರ ಇದ್ದದ್ದು ನಾನೊಬ್ಬನೇ. ನಾನು ಟಿಕ್ ಟಿಕ್ ಅನ್ನುತ್ತಾ ಕೂತಿದ್ದೆ.