ನೀರಿನ ಒದೆತ

ಗದ್ವಾಲದ ಹತ್ತಿ ಮಿಲ್ಲಿನಲ್ಲಿ ಬೆಂಕಿ ಆರಿಸುವ ತಾಲೀಮು ನಡೆದ ಮರುದಿನ ಬಸವೇಶ್ವರಿ ಸೂಪರ್‌ವೈಸರ್ ಸುರೇಂದರನ ಮೇಜಿನೆದುರು ನಿಂತಿದ್ದಳು. ಹತ್ತಿಯಲ್ಲಿನ ಕಸ ಆರಿಸುವುದು ಅವಳ ಕೆಲಸ. ತಮ್ಮ ಕಾಂತೇಶ ಅದೇ ಮಿಲ್ಲಿನಲ್ಲಿ ಮೂಟೆ ಹೊರುವ ಹಮಾಲ. ತಾಲೀಮಿನಲ್ಲಿ ದಪ್ಪ ನೀರಿನ ಪೈಪನ್ನು ಅವನೊಬ್ಬನ ಕೈಗೇ ಕೊಟ್ಟು ಪಂಪನ್ನು ಪೂರ್ತಿ ಬಿಟ್ಟಿದ್ದರು. ನೀರು ಮುಂದಕ್ಕೆ ಚಿಮ್ಮಿದ್ದೇ ತಡ, ಪೈಪಿನ ಹಿತ್ತಾಳೆ ಮೂತಿ ಹಿಂದಕ್ಕೆ ಒದ್ದು ಅವನ ಹೆಗಲೆಲುಬು ಮುರಿದಿತ್ತು.

ಸುರೇಂದರ್ ತೆಲುಗಿನಲ್ಲಿ ಬರೆದ ಕಾಗದವೊಂದನ್ನು ಮುಂದೆ ಸರಿಸಿದ. ಕೆಲಸಗಾರನ ಅಜಾಗರೂಕತೆಯಿಂದ ಪೈಪು ಜಾರಿತು ಎಂದಿತ್ತು ಅದರಲ್ಲಿ.

"ನಿನ್ನ ತಮ್ಮನ ಸಹಿ ಹಾಕಿಸ್ಕೊಂಡು ಬಾ."

ಅವಳ ಕಿವಿ ಬಿಸಿಯಾಯಿತು. "ಜಾರಿಲ್ರಿ. ಪೈಪು ಒದ್ದೈತಿ."

"ನೀರು ಹೋಗಿದ್ದು ಮುಂದಕ್ಕ. ಪೈಪು ಹಿಂದಕ್ಕ ಯಾಕ ಬರ್ತೈತಿ? ಅವ ಬಿಗಿ ಹಿಡಿದಿಲ್ಲ, ಅಷ್ಟ."

"ಪೈಪು ನೀರನ್ನ ಮುಂದಕ್ಕ ದಬ್ಬಿದ್ರ, ನೀರೂ ಪೈಪನ್ನ ಅಷ್ಟ ಜೋರ್ಲೆ ಹಿಂದಕ್ಕ ದಬ್ಬತೈತಿ. ಮಕ್ತಲ್ ಸಾಲ್ಯಾಗ ಹತ್ತನೇತ್ತ ತನಕ ನಾನೂ ಓದೀನ್ರಿ."

"ಸಾಲಿ ಪಾಠ ಮನ್ಯಾಗ ಇಟ್ಕೋ," ಎಂದು ಅವನು ನಕ್ಕ.

ಆ ನಗೆಗೆ ಅವಳ ಮೈ ಉರಿದುಹೋಯಿತು. ಮಲಗಲಾರದೆ ಗೋಡೆಗೊರಗಿ ಕೂತ ತಮ್ಮ ಕಣ್ಮುಂದೆ ಬಂದ. ಕಾಗದ ಎತ್ತಿಕೊಂಡು ಸೀದಾ ಪಂಪಿದ್ದ ಅಂಗಳಕ್ಕೆ ನಡೆದಳು.

"ಬರ್ರಿ. ಬಿಗಿ ಹಿಡಿಯೋದು ಹ್ಯಾಂಗ, ನೀವ ತೋರಸ್ರಿ."

ಹತ್ತಿ ಬಿಟ್ಟು ಇಪ್ಪತ್ತು ಹೆಂಗಸರು ಹೊರಗೆ ಬಂದರು. ಅಷ್ಟು ಕಣ್ಣುಗಳ ಮುಂದೆ ಹಿಂದೆ ಸರಿಯಲಾಗದೆ ಸುರೇಂದರ್ ಪೈಪು ಹಿಡಿದ. ಪಂಪು ನೋಡಿಕೊಳ್ಳುವ ಮುದುಕ ಅಂಜಯ್ಯ ಅವಳ ಮುಖ ನೋಡಿದ.

"ಪೂರ ಬಿಡಂಗಿಲ್ಲವ್ವಾ. ಇವ್ರೂ ಮನಷ್ಯಾರ ಅದಾರ," ಎಂದು ಕಾಲುಭಾಗವಷ್ಟೇ ಬಿಟ್ಟ.

ನೀರು ನುಗ್ಗಿತು. ಸುರೇಂದರನ ಹಿಮ್ಮಡಿ ಮಣ್ಣು ಕೆರೆಯುತ್ತ ಹಿಂದೆ ಸರಿಯಿತು, ಒಂದು ಹೆಜ್ಜೆ, ಎರಡು, ಮೂರು. ಮೊಣಕೈ ಮಡಚಿ ಪೈಪು ಎದೆಗೆ ಬಂತು. "ಬಂದ್ ಮಾಡು," ಎಂದ, ದನಿ ಒಡೆದಿತ್ತು. ಅಂಜಯ್ಯ ನಿಲ್ಲಿಸಿದ.

ಯಾರೂ ನಗಲಿಲ್ಲ.

"ಕಾಲುಭಾಗಕ್ಕ ಹಿಂಗ," ಎಂದಳು ಬಸವೇಶ್ವರಿ. "ಅವಂಗ ಪೂರ ಬಿಟ್ಟಿದ್ರಿ."

"ಮ್ಯಾಲಿನವ್ರು ಒಬ್ಬ ಸಾಕಂದ್ರು."

"ಹಂಗ ಬರೀರಿ."

ಡ್ರಮ್ಮಿನ ಮೇಲೆ ಕಾಗದವಿಟ್ಟು, ಒದ್ದೆ ತೋಳಿನಲ್ಲೇ ಅವನು ಹಳೆಯದನ್ನು ಹೊಡೆದುಹಾಕಿ ಬರೆದ: ಮೂವರು ಹಿಡಿಯಬೇಕಾದ ಪೈಪನ್ನು, ಮೇಲಿನವರ ಮಾತಿನಂತೆ, ಒಬ್ಬನ ಕೈಗೆ ಕೊಡಲಾಗಿತ್ತು. ಅವಳು ಅಕ್ಷರ ಅಕ್ಷರ ಓದಿ ಕೊನೆಯ ಪದದ ಮೇಲೆ ಬೆರಳಿಟ್ಟಳು.

"ಯಾರು ಕೊಟ್ರು?"

ಅವನು ಆ ಪದವನ್ನು ಹೊಡೆದುಹಾಕಿದ. ಆಮೇಲೆ ತಿದ್ದಿದ: ನಾನು ಕೊಟ್ಟೆ.

ಸಂಜೆ ಮನೆಯಲ್ಲಿ ಕಾಂತೇಶ ಕಾಗದಕ್ಕೆ ಬಲಗೈ ಚಾಚಹೋಗಿ ನೋವಿಗೆ ಹಲ್ಲು ಕಚ್ಚಿದ. "ನೀನ ಓದಕ್ಕಾ," ಎಂದ. ಅವಳು ಓದಿದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಅವಳ ದನಿ ಎಷ್ಟು ಏರಿತ್ತೆಂದರೆ ಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಂತರು.