ಬಿಸಿ ಇಳಿಯುವಷ್ಟರಲ್ಲಿ

"ಇನ್ನೂ ತಣ್ಣಗೇ ಇದೆ ಕಣೋ," ಎಂದು ಅಕ್ಕ ಬಲಗಾಲನ್ನು ನಲ್ಲಿಯ ಕೆಳಗಿನಿಂದ ಎಳೆದುಕೊಂಡಳು. "ಹೀಗಾದ್ರೆ ನಿನ್ನ ಹೆಂಡ್ತಿ ಬರೋ ಹೊತ್ತಿಗೆ ಇಲ್ಲೇ ಬೇರು ಬಿಟ್ಟಿರ್ತೀನಿ."

ಅವನು ನಕ್ಕ. ಅಕ್ಕನಿಗೆ ಪಾರ್ಶ್ವವಾಯು ಬಡಿದ ಮೇಲೆ ಅವಳ ಸ್ನಾನವೆಲ್ಲ ಹೆಂಡತಿಯ ಪಾಲಿಗಿತ್ತು. ಹೆಂಡತಿ ಹೊರಗೆ ಹೋಗಿದ್ದರಿಂದ ಇವತ್ತು ಕಾಲು ತೊಳೆಸುವ ಕೆಲಸ ಅವನದಾಗಿತ್ತು. ಬಿಸಿನೀರಿನ ಟ್ಯಾಂಕು ಮಹಡಿಯ ಮೇಲಿತ್ತು. ಕೊಳವೆಯಲ್ಲಿ ನಿಂತ ತಣ್ಣೀರೆಲ್ಲ ಹರಿದುಹೋಗದೆ ಬಿಸಿ ಕೆಳಗಿಳಿಯುತ್ತಿರಲಿಲ್ಲ. ಅದು ಗೊತ್ತಿದ್ದೂ ಅವನು ಬೇಸತ್ತು ತಣ್ಣೀರು ನಿಲ್ಲಿಸಿ, ಬಿಸಿನೀರಿನ ನಲ್ಲಿಯನ್ನು ಪೂರ್ತಿ ತಿರುಗಿಸಿದ.

ಅಷ್ಟರಲ್ಲಿ ಫೋನು ಬಂತು. ಕಾರ್ಖಾನೆಯ ಬಾಯ್ಲರ್ ಮನೆಯಿಂದ ಸಹೋದ್ಯೋಗಿ. ಅವನು ನಡುಮನೆಗೆ ಬಂದ.

"ಮೀಟರಿನ ಮುಳ್ಳು ಮೇಲೇಳ್ತಾನೇ ಇಲ್ಲ. ಹಬೆ ಇನ್ನಷ್ಟು ಬಿಡ್ಲಾ?"

"ಬೇಡ ಮಾರಾಯ. ತಿರುಗಿಸಿದ್ಮೇಲೆ ಕಾಯಬೇಕು. ಬಿಸಿ ಹೋಗಿ ಮುಟ್ಟೋಕೆ ಹೊತ್ತು ಹಿಡಿಯುತ್ತೆ. ಕಾಣಿಸ್ಲಿಲ್ಲ ಅಂತ ಇನ್ನಷ್ಟು ಬಿಟ್ರೆ, ಆಮೇಲೆ ಒಟ್ಟಿಗೆ..."

ಫೋನು ಅಲ್ಲೇ ಬಿಟ್ಟು ಅವನು ಬಚ್ಚಲಿಗೆ ಓಡಿದ.

ಬಚ್ಚಲಿನ ತುಂಬ ಆವಿ. ಬಲಗಾಲನ್ನು ಮಡಿಸಿಕೊಂಡು ಅಕ್ಕ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಸ್ಪರ್ಶವಿಲ್ಲದ ಎಡಗಾಲು ನಲ್ಲಿಯ ಕೆಳಗೇ ಇತ್ತು.

ಎಷ್ಟು ತಣ್ಣೀರು ಸುರಿದರೂ ಸಂಜೆಯ ಹೊತ್ತಿಗೆ ಪಾದದ ತುಂಬ ಬೊಬ್ಬೆಯೆದ್ದಿತು. ಹೆಂಡತಿ ಬಂದವಳೇ ಹೌಹಾರಿದಳು. "ಇದೇನಾಯ್ತು ಅತ್ತಿಗೆ?"

"ನಾನೇ ನಲ್ಲಿ ಜಾಸ್ತಿ ತಿರುಗಿಸ್ಕೊಂಡೆ. ಅವನಿಗೇನೂ ಅನ್ಬೇಡ."

ಅವನು ಬಾಯಿ ಬಿಡಲಿಲ್ಲ. ತಾಯಿ ಸತ್ತ ಮೇಲೆ ಅವನನ್ನು ಎತ್ತಿ ಆಡಿಸಿದವಳು ಅಕ್ಕ. ಅವನು ಪಕ್ಕದ ಮನೆಯ ಗಾಜು ಒಡೆದಾಗಲೂ ಹೀಗೇ ಮೈಮೇಲೆ ಹಾಕಿಕೊಂಡಿದ್ದಳು. ಆಗ ಅವನಿಗೆ ಹಾಯೆನಿಸಿತ್ತು. ಈಗ ಆಸ್ಪತ್ರೆಯವರೆಗೂ ಹೆಂಡತಿಯ ಮುಖ ನೋಡಲಾಗಲಿಲ್ಲ.

ಡಾಕ್ಟರು ಪಾದವನ್ನು ಹೊರಳಿಸಿ ನೋಡಿದರು. "ಜೊತೆಗೆ ಯಾರೂ ಇರ್ಲಿಲ್ವಾ ಅಮ್ಮ?"

ಅಕ್ಕ ಏನೋ ಹೇಳಹೊರಟಳು.

"ನಾನಿದ್ದೆ," ಎಂದ ಅವನು. "ನಲ್ಲಿ ತಿರುಗಿಸಿದ್ದು ನಾನೇ. ಹಾಗೇ ಬಿಟ್ಟು ಹೋದದ್ದೂ ನಾನೇ."

ಹೆಂಡತಿ ಅವನತ್ತ ತಿರುಗಿದಳು. ಡಾಕ್ಟರು ಮುಲಾಮಿನ ಹೆಸರು ಬರೆದು ನರ್ಸನ್ನು ಕರೆದರು.

ನರ್ಸು ಬಟ್ಟೆ ಸುತ್ತತೊಡಗಿದಳು. ಒಂದೊಂದು ಸುತ್ತಿಗೂ ಅವನು ಹಲ್ಲು ಕಚ್ಚಿ ಮಂಚದ ಅಂಚನ್ನು ಹಿಡಿಯುತ್ತಿದ್ದ. ಅಕ್ಕ ಬಲಗೈ ಚಾಚಿ ಅವನ ಮುಷ್ಟಿಯ ಮೇಲಿಟ್ಟಳು.

"ಸ್ವಲ್ಪ ತಡ್ಕೋ," ಎಂದಳು. "ಇನ್ನೊಂದೇ ಸುತ್ತು."